‘ರೈಸರ್’ ಕಾರು ಎಂದರೇನು? ಈ ಪದ ‘ರೇಸ್‌’ನಿಂದ ಬಂದಿದ್ದೇ?

ಹಿಂದೆ ದೊಡ್ಡ ಸ್ಪಾಯ್ಲರ್, ಡಬ್ಬದಷ್ಟು ಅಗಲದ ಸೈಲೆನ್ಸರ್, ಮೈತುಂಬ ಸ್ಟಿಕ್ಕರ್. ಎಂಜಿನ್ ಮಾತ್ರ ಶೋರೂಮಿನಿಂದ ಬಂದದ್ದೇ. ಇಂಥ ಕಾರನ್ನು ಅಮೆರಿಕದ ಕಾರುಪ್ರೇಮಿಗಳು ‘ರೈಸರ್’ ಎಂದು ಹಂಗಿಸುತ್ತಾರೆ. ‘ರೇಸ್ ಇನ್‌ಸ್ಪೈರ್ಡ್ ಕಾಸ್ಮೆಟಿಕ್ ಎನ್‌ಹಾನ್ಸ್‌ಮೆಂಟ್’, ಅಂದರೆ ರೇಸ್ ಕಾರಿನಂತೆ ಕಾಣಲು ಮಾಡಿದ ಅಲಂಕಾರ. ಇದರ ಮೊದಲಕ್ಷರಗಳೇ ‘ರೈಸ್’ ಎಂಬ ವಿವರಣೆ ಹರಿದಾಡುತ್ತದೆ. ಇದು ನಿಜವೇ?

ಅಲ್ಲ. ಈ ವಿವರಣೆಯನ್ನು ಆಮೇಲೆ ಹೊಂದಿಸಿದ್ದು. ಇಲ್ಲಿ ರೈಸ್ ಎಂದರೆ ಅಕ್ಕಿಯೇ. ಅಮೆರಿಕದಲ್ಲಿ ಜಪಾನಿನ ಬೈಕು, ಕಾರುಗಳನ್ನು ‘ರೈಸ್ ಬರ್ನರ್’ ಎಂದು ಹೀಯಾಳಿಸುತ್ತಿದ್ದರು. ಅನ್ನ ತಿನ್ನುವವರ ಗಾಡಿ ಓಡುವುದೂ ಅಕ್ಕಿ ಸುಟ್ಟೇ ಎಂಬ ಕುಹಕ. ದಿನಾ ಅನ್ನ ಉಣ್ಣುವ ನಮಗೆ ಇದೊಂದು ಬೈಗುಳ ಎಂದು ಹೊಳೆಯುವುದೇ ಕಷ್ಟ!

1973ರ ತೈಲ ಬಿಕ್ಕಟ್ಟಿನ ನಂತರ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ಕಾರುಗಳಿಗೆ ಅಲ್ಲಿ ಬೇಡಿಕೆ ಹೆಚ್ಚಿತು. ಸ್ಥಳೀಯ ಕಾರ್ಖಾನೆಗಳಲ್ಲಿ ಕೆಲಸ ಹೋದಂತೆ ಸಿಟ್ಟೂ ಹೆಚ್ಚಿತು. 1982ರಲ್ಲಿ ಡೆಟ್ರಾಯಿಟ್ ಬಳಿ ಕಾರು ಉದ್ಯಮದಲ್ಲಿ ದುಡಿದಿದ್ದ ಇಬ್ಬರು ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಆತ ಜಪಾನಿನವನೂ ಅಲ್ಲ, ಚೀನೀ ಮೂಲದವನು. ಕೊಂದವರಿಗೆ ಜೈಲು ಆಗಲಿಲ್ಲ.

1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಏಷ್ಯನ್ ಮೂಲದ ಹುಡುಗರು ಹೋಂಡಾ ಸಿವಿಕ್‌ನಂಥ ಕಾರುಗಳನ್ನು ಮಾಡಿಫೈ ಮಾಡತೊಡಗಿದಾಗ ಆ ಹಳೆಯ ಬೈಗುಳ ಅವರಿಗೂ ಅಂಟಿಕೊಂಡಿತು. ಈಗ ಯಾವ ದೇಶದ ಕಾರಿಗಾದರೂ ‘ರೈಸರ್’ ಎನ್ನುತ್ತಾರೆ. ಹಾಗೆನ್ನುವ ಅನೇಕರಿಗೆ ಅಕ್ಕಿಯ ಕಥೆಯೇ ಗೊತ್ತಿರುವುದಿಲ್ಲ.