ಬಂದೂಕಿನ ಕಾನೂನು ದಿಲ್ಲಿಯದ್ದು, ಬೀಗದ ಕೈ ರಾಮನಗರದ್ದು

2025ರ ಏಪ್ರಿಲ್‌ನಲ್ಲಿ ಒಂದು ಮಧ್ಯರಾತ್ರಿ, ಬಿಡದಿಯ ಮನೆಯಿಂದ ಹೊರಟ ಕಾರಿನ ಮೇಲೆ ಗುಂಡು ಹಾರಿತು. ಒಳಗಿದ್ದ ರಿಕ್ಕಿ ರೈ ಗಾಯಗೊಂಡರು. ಅವರು ಮುತ್ತಪ್ಪ ರೈ ಮಗ ಆಗಿದ್ದರಿಂದ ಟಿವಿಗಳು ನಾಲ್ಕು ದಿನ ಅದನ್ನೇ ತಿರುವಿ ಹಾಕಿದವು. ನಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣಾ, ಗನ್ ಇಟ್ಕೊಂಡು ಎರಡನೇ ಸಲ ಸಿಕ್ಕಿಬಿದ್ರೆ ಜೀವಾವಧಿ ಅಂತ ವಿಧಾನಸೌಧದಲ್ಲಿ ಒಂದು ಕಾನೂನು ಮಾಡೋಕೇನು ಕಷ್ಟ?"

ಮಾಡೋಕಾಗಲ್ಲ. ಶಸ್ತ್ರಾಸ್ತ್ರ ಮತ್ತು ಮದ್ದುಗುಂಡು ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ, 5ನೇ ಬಾಬ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ನಾಲ್ವರು ಶಾಸಕರೂ ಒಂದಾಗಿ ಕೈ ಎತ್ತಿದರೂ ಬಂದೂಕಿಗೆ ಶಿಕ್ಷೆ ಹೆಚ್ಚಿಸಲು ಬರುವುದಿಲ್ಲ. ಅದು ಸಂಸತ್ತಿನ ಕೆಲಸ. ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, 2019ರಲ್ಲಿ ಅದನ್ನು ಬಿಗಿ ಮಾಡಿದ್ದಾರೆ.

ಈಗಿರುವ ಲೆಕ್ಕ ಹೀಗೆ. ಲೈಸೆನ್ಸ್ ಇಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ಮೊದಲು ಇದು 1ರಿಂದ 3 ಇತ್ತು. ನಿಷೇಧಿತ ಆಯುಧವಾದರೆ 7ರಿಂದ 14. ಕಳ್ಳತನದಲ್ಲಿ ತಯಾರಿಸಿದರೆ, ಮಾರಿದರೆ 7 ವರ್ಷದಿಂದ ಜೀವಾವಧಿ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಬ್ಬರ ಬಳಿ ಇರಬಹುದಾದ ಲೈಸೆನ್ಸ್ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ.

ಆ ಹುಡುಗ ಕೇಳಿದ "ಎರಡನೇ ಸಲ"ಕ್ಕೂ ಉತ್ತರ ಹಳೇ ಕಾಯ್ದೆಯಲ್ಲೇ ಇದೆ. 31ನೇ ಕಲಂ ಪ್ರಕಾರ, ಒಮ್ಮೆ ಈ ಕಾಯ್ದೆಯಡಿ ಶಿಕ್ಷೆಯಾದವನಿಗೆ ಮತ್ತೆ ಶಿಕ್ಷೆಯಾದರೆ ಎರಡನೆಯದಕ್ಕೆ ದುಪ್ಪಟ್ಟು ದಂಡನೆ. ಇಲ್ಲಿ ಮುಖ್ಯವಾದ ಪದ "ಶಿಕ್ಷೆಯಾದವನು". ಕೇಸು ಬಿದ್ದವನಲ್ಲ, ರೌಡಿ ಶೀಟ್ ಇರುವವನೂ ಅಲ್ಲ. ಅಂದಹಾಗೆ ರೌಡಿ ಶೀಟ್ ಯಾವ ಶಾಸನದಿಂದಲೂ ಹುಟ್ಟಿದ್ದಲ್ಲ, ಪೊಲೀಸ್ ಕೈಪಿಡಿಯ ಒಂದು ಆದೇಶದ ಮೇಲೆ ನಿಂತಿರೋದು. ಮೊದಲ ಕೇಸೇ ಹತ್ತು ವರ್ಷ ಎಳೆದಾಡಿ ಬಿದ್ದುಹೋದರೆ 31ನೇ ಕಲಂ ಪುಸ್ತಕದಲ್ಲೇ ಉಳಿಯುತ್ತದೆ.

ಹಾಗಾದರೆ ರಾಜ್ಯದ ಕೈಲಿ ಏನಿದೆ? ಬಂದೂಕಿನ ಮೇಲಲ್ಲ, ಮನುಷ್ಯನ ಮೇಲೆ ಮಾಡಿದ ಕಾನೂನುಗಳಿವೆ. 1985ರ ಗೂಂಡಾ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಪೊಲೀಸ್ ಕಾಯ್ದೆಯಡಿ ಗಡಿಪಾರು ಮಾಡಬಹುದು. 1961ರ ರೂಢಿಗತ ಅಪರಾಧಿಗಳ ಕಾಯ್ದೆಯಂತೂ ಬ್ರಿಟಿಷರ "ಅಪರಾಧಿ ಬುಡಕಟ್ಟು" ಕಾಯ್ದೆ 1952ರಲ್ಲಿ ರದ್ದಾದ ಮೇಲೆ ಬಂದ ಪೀಳಿಗೆಯದ್ದು. ಆ ಹಣೆಪಟ್ಟಿ ವಿಮುಕ್ತ ಬುಡಕಟ್ಟುಗಳ ಬೆನ್ನು ಬಿಟ್ಟಿಲ್ಲ ಅನ್ನೋದನ್ನ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲೂ ಎತ್ತಿ ತೋರಿಸಬೇಕಾಯಿತು. "ಪದೇ ಪದೇ ತಪ್ಪು ಮಾಡೋರಿಗೆ ಕಠಿಣ ಕಾನೂನು" ಅನ್ನುವವರು ಈ ಇತಿಹಾಸವನ್ನೊಮ್ಮೆ ಓದಬೇಕು.

ಇವುಗಳಲ್ಲಿ ಹರಿತವಾದದ್ದು ಕೋಕಾ, ಅಂದರೆ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ. ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಇದ್ದರೆ "ಮುಂದುವರಿದ ಅಪರಾಧ" ಎನ್ನುತ್ತದೆ ಅದು. ಕನಿಷ್ಠ ಶಿಕ್ಷೆ 5 ವರ್ಷ. ಎಸ್‌ಪಿ ಮಟ್ಟದ ಅಧಿಕಾರಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ. ಸಾಮಾನ್ಯ ಕೇಸಿನಲ್ಲಿ ಅದು ನಡೆಯದು.

ಗೌರಿ ಲಂಕೇಶ್ ಹತ್ಯೆ ತನಿಖೆಯಲ್ಲಿ ಇದು ಪರೀಕ್ಷೆಗೆ ಬಂತು. 2018ರಲ್ಲಿ ಸಿಕ್ಕ ಮೊದಲ ಆರೋಪಿ ಮದ್ದೂರಿನವನು, ಚನ್ನಪಟ್ಟಣದ ಪಕ್ಕದ ತಾಲ್ಲೂಕು. ಅವನನ್ನು ಮೊದಲು ಹಿಡಿದದ್ದು ಅಕ್ರಮ ಗುಂಡು ಇಟ್ಟುಕೊಂಡ ಆರೋಪದ ಮೇಲೆ, ಶಸ್ತ್ರಾಸ್ತ್ರ ಕಾಯ್ದೆಯಡಿ! ಮುಂದೆ ಒಬ್ಬ ಆರೋಪಿಯ ಮೇಲಿನ ಕೋಕಾ ಆರೋಪವನ್ನು ಹೈಕೋರ್ಟ್ ಕೈಬಿಟ್ಟಿತು, 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತು. ಚಾರ್ಜ್‌ಶೀಟ್‌ಗಳ ಲೆಕ್ಕವನ್ನು ಗುಂಪಿಗೆ ನೋಡಬೇಕು, ಪ್ರತಿಯೊಬ್ಬನಿಗೂ ಹಳೇ ಕೇಸು ಇರಲೇಬೇಕೆಂದಿಲ್ಲ ಅನ್ನೋದು ಅದರ ಸಾರ. ಗೌರಿ ಕೇಸಿನಲ್ಲಿ ನನಗೆ ಇದು ಸರಿ ಅನ್ನಿಸಿತು. ಆದರೆ ಇದೇ ಅಸ್ತ್ರ ನಾಳೆ ಯಾರ ಮೇಲೆ ಬೀಳುತ್ತೆ ಅನ್ನೋ ಭಯವೂ ಇದೆ, ಮುಚ್ಚಿಡಲಾರೆ. ಇಷ್ಟೆಲ್ಲ ಆದಮೇಲೂ 2023ರ ಡಿಸೆಂಬರ್‌ನಲ್ಲಿ ಅದೇ ಆರೋಪಿಗೆ ಜಾಮೀನು ಸಿಕ್ಕಿತು. ಕಾರಣ, ವಿಚಾರಣೆಯ ವಿಳಂಬ.

ಇನ್ನು ಕಾಡಂಚಿನ ಕಥೆ. ಕನಕಪುರದ ಆಚೆ, ಕಾವೇರಿ ವನ್ಯಜೀವಿ ಧಾಮದ ಮಗ್ಗುಲ ಹಳ್ಳಿಗಳಲ್ಲಿ ರಾಗಿ ಹೊಲಕ್ಕೆ ಹಂದಿ ನುಗ್ಗುತ್ತದೆ, ಆನೆ ಬರುತ್ತದೆ. ನಮ್ಮ ತಾತನ ಕಾಲದ ನಾಡಬಂದೂಕು, ಮದ್ದು ತುಂಬಿ ಹೊಡೆಯೋದು, ಅಟ್ಟದ ಮೇಲಿರುವ ಮನೆಗಳನ್ನು ನಾನೇ ನೋಡಿದ್ದೇನೆ. ಬೆಳೆ ರಕ್ಷಣೆಗೆ ಇಂಥದ್ದಕ್ಕೆ ಲೈಸೆನ್ಸ್ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ತಾತ ತೀರಿಕೊಂಡು ಕಾಗದ ಮೊಮ್ಮಗನ ಹೆಸರಿಗೆ ಆಗದಿದ್ದರೆ, ಅದೇ 2 ವರ್ಷದ ಕಲಂ ಅವನ ಮೇಲೂ ಬರುತ್ತದೆ. ಸುಪಾರಿ ಪಿಸ್ತೂಲಿಗೂ ಹಂದಿ ಓಡಿಸುವ ಕೋವಿಗೂ ಆ ಕಲಂ ವ್ಯತ್ಯಾಸ ಮಾಡುವುದಿಲ್ಲ. ವಿಶೇಷ ಕಾರಣ ಬರೆದಿಟ್ಟು ಶಿಕ್ಷೆ ತಗ್ಗಿಸೋದು ನ್ಯಾಯಾಧೀಶರಿಗೆ ಬಿಟ್ಟದ್ದು. ಅತ್ತ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಒಂದೇ ರಾಜ್ಯದ ಇಬ್ಬರು ರೈತರ ಅಟ್ಟಗಳಿಗೆ ಎರಡು ಕಾನೂನು ಅನ್ನೋದು ಗೊತ್ತಿರಲಿ.

ಬೀಗದ ಕೈ ಅಂದೆನಲ್ಲ, ಅದು ಇಲ್ಲಿದೆ. ಇಡೀ ಜಿಲ್ಲೆಗೆ ಲೈಸೆನ್ಸ್ ಕೊಡುವುದು, ರದ್ದು ಮಾಡುವುದು, ಚುನಾವಣೆ ಬಂದಾಗ ಠಾಣೆಗೆ ಠೇವಣಿ ಇಡಿಸುವುದು ಜಿಲ್ಲಾ ಮ್ಯಾಜಿಸ್ಟ್ರೇಟ್ ಆದ ಡಿಸಿ. 39ನೇ ಕಲಂ ಇನ್ನೂ ದೊಡ್ಡದು: ಲೈಸೆನ್ಸ್ ಇಲ್ಲದ ಬಂದೂಕಿನ ಕೇಸು ಕೋರ್ಟಿನಲ್ಲಿ ನಡೆಯಬೇಕಾದರೆ ಅವರ ಪೂರ್ವಾನುಮತಿ ಬೇಕೇ ಬೇಕು. ಕಡತ ಮೇಜಿನ ಮೇಲೆ ಮಲಗಿದರೆ, ಅಥವಾ ಬಂದೂಕು ಕೆಲಸ ಮಾಡುತ್ತದೆಯೇ ಎಂಬ ತಜ್ಞರ ವರದಿ ನೋಡದೆ ಸಹಿ ಬಿದ್ದರೆ, ವಕೀಲರಿಗೆ ಅಷ್ಟೇ ಸಾಕು. 2025ರ ಮೇನಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯಿತು, ಡಿಸಿ ಕಚೇರಿ ಇರೋದು ರಾಮನಗರದಲ್ಲೇ.

ಹಾಗಾಗಿ ಆ ಹುಡುಗನಿಗೆ ನಾನು ಬರೆದುಕೊಟ್ಟದ್ದು ಎರಡು ಪ್ರಶ್ನೆ. ಕಳೆದ ಐದು ವರ್ಷದಲ್ಲಿ 39ನೇ ಕಲಂ ಅನುಮತಿಗೆ ಬಂದ ಕಡತ ಎಷ್ಟು, ಪ್ರತಿಯೊಂದಕ್ಕೂ ಹಿಡಿದ ದಿನ ಎಷ್ಟು? ಅವುಗಳಲ್ಲಿ ಶಿಕ್ಷೆಯಾದದ್ದು ಎಷ್ಟು? ಮೊದಲನೆಯದು ಡಿಸಿ ಕಚೇರಿಗೆ, ಎರಡನೆಯದು ಎಸ್‌ಪಿ ಕಚೇರಿಗೆ, ಬೇರೆ ಬೇರೆ ಅರ್ಜಿ. ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ಉತ್ತರಕ್ಕೆ ಗಡುವು 30 ದಿನ.