ಪ್ರನಾಳ ಶಿಶುವಿನ ಇತಿಹಾಸ ಮತ್ತು ಗೃಹಸ್ಥನ ಧರ್ಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಪೇಟೆಗಳು ಬಹುಕಾಲ ಬಳ್ಳಾರಿ ಸೀಮೆಯ ಪಶ್ಚಿಮದ ಅಂಚಿನಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಇಲ್ಲಿನ ಮನೆಗಳಲ್ಲಿ ಮದುವೆಯಾಗಿ ಐದಾರು ವರ್ಷ ಕಳೆದರೂ ತೊಟ್ಟಿಲು ಕಟ್ಟದಿದ್ದರೆ ಹಿಂದೆ ಮೂರೇ ದಾರಿಗಳಿದ್ದವು: ಹರಕೆ, ದತ್ತು, ಇಲ್ಲವೇ ಎರಡನೆಯ ಮದುವೆ. ಇಂದು ಅಂಥ ದಂಪತಿಗಳು ದಾವಣಗೆರೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಬಸ್ಸು ಹತ್ತುತ್ತಾರೆ. ಆದರೆ ಹೋದುದನ್ನು ನೆರೆಮನೆಗೂ ತಿಳಿಸುವುದಿಲ್ಲ. ಈ ಮರೆಮಾಚುವಿಕೆ ಏಕೆ, ಈ ಚಿಕಿತ್ಸೆಯ ಇತಿಹಾಸ ನಮಗೆ ಏನನ್ನು ಕಲಿಸುತ್ತದೆ ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಂತಾನದ ಹಂಬಲಕ್ಕೆ ಹೆಣ್ಣಿನ ದೇಹ ತೆತ್ತ ಬೆಲೆ ನಮ್ಮ ಸೀಮೆಗೆ ಹೊಸದಲ್ಲ. ಗಂಡು ಸಂತಾನವಿಲ್ಲದ ಕೆಲವು ಸಮುದಾಯಗಳ ಮನೆಗಳಲ್ಲಿ ಮಗಳನ್ನು ದೇವರ ಹೆಸರಿನಲ್ಲಿ 'ಬಸವಿ' ಬಿಡುವ ಪದ್ಧತಿಯಿತ್ತು. ಅವಳಿಗೆ ಮದುವೆಯಿಲ್ಲ. ಅವಳಿಗೆ ಹುಟ್ಟಿದ ಮಕ್ಕಳಿಂದ ತಂದೆಯ ವಂಶ ಮುಂದುವರಿಯುತ್ತಿತ್ತು. ಬ್ರಿಟಿಷ್ ಅಧಿಕಾರಿ ಫಾಸೆಟ್ ಬಳ್ಳಾರಿ ಜಿಲ್ಲೆಯ ಈ ಪದ್ಧತಿಯನ್ನು 1890ರ ದಶಕದಲ್ಲಿಯೇ ಬರೆದಿಟ್ಟಿದ್ದಾನೆ. ಕರ್ನಾಟಕದ 1982ರ ಕಾಯಿದೆಯು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಮನೆತನಕ್ಕೆ ವಾರಸುದಾರ ಬೇಕು ಎಂಬ ಒಂದೇ ಮಾತಿಗಾಗಿ ಒಬ್ಬ ಹೆಣ್ಣುಮಗಳ ಇಡೀ ಬಾಳನ್ನು ಒತ್ತೆಯಿಡುತ್ತಿದ್ದರು ಎಂಬುದನ್ನು ಮರೆಯಬಾರದು. ಸಾಧನಗಳು ಬದಲಾದರೂ ಮನೋಭಾವ ಬದಲಾಗದಿದ್ದರೆ ಪ್ರಯೋಜನವೇನು?

ಇನ್ನು ವಿಜ್ಞಾನದ ಕಡೆಗೆ ಬರೋಣ. ಸ್ತ್ರೀಯ ಅಂಡಾಣುವನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ಪುರುಷನ ವೀರ್ಯಾಣುವಿನೊಡನೆ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶದಲ್ಲಿರಿಸುವ ವಿಧಾನದಿಂದ ಜಗತ್ತಿನ ಮೊದಲ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿತು. ಈ ಸಾಧನೆಯ ರೂವಾರಿಗಳಲ್ಲಿ ಒಬ್ಬರಾದ ರಾಬರ್ಟ್ ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಆದರೆ ಅದೇ 1978ರ ಅಕ್ಟೋಬರ್ 3ರಂದು, ಅಂದರೆ ಕೇವಲ ಹತ್ತು ವಾರಗಳ ಅಂತರದಲ್ಲಿ, ಕಲ್ಕತ್ತೆಯಲ್ಲಿ ಅಂಥದೇ ಹೆಣ್ಣುಶಿಶುವೊಂದು ಕಣ್ಣು ತೆರೆಯಿತು. ದುರ್ಗಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಶಿಶುವಿನ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯರು.

ಅವರ ವಿಧಾನ ಇಂಗ್ಲೆಂಡಿನವರದಕ್ಕಿಂತ ಭಿನ್ನವಾಗಿತ್ತು. ಅಲ್ಲಿನವರು ಸಹಜವಾಗಿ ಪಕ್ವವಾದ ಒಂದೇ ಅಂಡಾಣುವನ್ನು ನೆಚ್ಚಿದ್ದರು. ಮುಖೋಪಾಧ್ಯಾಯರು ಹಾರ್ಮೋನು ಕೊಟ್ಟು ಹಲವು ಅಂಡಾಣುಗಳನ್ನು ಪಕ್ವಗೊಳಿಸಿ, ಭ್ರೂಣವನ್ನು ಶೀತಲೀಕರಿಸಿಟ್ಟು, ಮುಂದಿನ ಋತುಚಕ್ರವೊಂದರಲ್ಲಿ, ತಾಯಿಯ ದೇಹ ಸಹಜಸ್ಥಿತಿಗೆ ಮರಳಿದ ಮೇಲೆ, ಗರ್ಭಕೋಶಕ್ಕೆ ಸೇರಿಸಿದರು. ಶೀತಲೀಕರಿಸಿದ ಭ್ರೂಣದಿಂದ ಶಿಶು ಜನಿಸಿದುದನ್ನು ಹೊರಜಗತ್ತು ಒಪ್ಪಿದ್ದು 1984ರಲ್ಲಿ, ಅದೂ ಆಸ್ಟ್ರೇಲಿಯದಲ್ಲಿ.

ಆದರೆ ನಮ್ಮವರೇ ಅವರನ್ನು ನಂಬಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ತಳ್ಳಿಹಾಕಿತು. ಸಮಿತಿಯ ಅಧ್ಯಕ್ಷರು ರೇಡಿಯೋ ಭೌತವಿಜ್ಞಾನಿ. ತಮ್ಮ ಸಂಶೋಧನೆಯನ್ನು ತಿಳಿಸಲು ಜಪಾನಿಗೆ ತೆರಳುವ ಅನುಮತಿಯೂ ಮುಖೋಪಾಧ್ಯಾಯರಿಗೆ ದೊರೆಯಲಿಲ್ಲ. ಕಡೆಗೆ ಅವರನ್ನು ನೇತ್ರವಿಜ್ಞಾನದ ಸಂಸ್ಥೆಗೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ತಮ್ಮ ಬಾಳನ್ನು ತಾವೇ ಕೊನೆಗೊಳಿಸಿಕೊಂಡರು. ಶಿಶುವಿನ ಹೆತ್ತವರು ಪ್ರಚಾರದಿಂದ ದೂರವೇ ಉಳಿದರು. ಸಮಾಜದ ಮಾತಿಗೆ ಅಂಜುವ ಮನೆಗಳಲ್ಲಿ ಅದು ಸಹಜವೇ. ಆದರೆ ಅಂಥ ಅಂಜಿಕೆ ಹುಟ್ಟಿಸುವ ಸಮಾಜದ ಹೊಣೆ ಕಡಿಮೆಯಾಗುವುದಿಲ್ಲ.

1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್ ಅವರ ಪ್ರಯತ್ನದಿಂದ ಒಂದು ಹೆಣ್ಣುಶಿಶು ಜನಿಸಿತು. ಅದೇ ಭಾರತದ ಪ್ರಥಮ ಪ್ರನಾಳ ಶಿಶುವೆಂದು ದೇಶವೆಲ್ಲ ಕೊಂಡಾಡಿತು. ಮುಂದೆ ಆನಂದ ಕುಮಾರರು ಬೆಂಗಳೂರಿನಲ್ಲಿ ನೆಲೆಸಿದರು. 1997ರಲ್ಲಿ ಕಲ್ಕತ್ತೆಗೆ ಹೋದಾಗ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರ ಕೈಸೇರಿದವು. ಅವನ್ನು ಪರಿಶೀಲಿಸಿ, ದುರ್ಗಾಳ ಹೆತ್ತವರೊಡನೆ ಮಾತನಾಡಿ, ನಿಜವನ್ನು ಮನಗಂಡ ಅವರು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಅದೇ ವರ್ಷ ಲೇಖನ ಬರೆದು, ಪ್ರಥಮ ಸ್ಥಾನ ತಮ್ಮದಲ್ಲ, ಮುಖೋಪಾಧ್ಯಾಯರದು ಎಂದು ಸಾರಿದರು. ಆನಂದ ಕುಮಾರರು 2010ರಲ್ಲಿ ನಿಧನರಾದರು.

ವ್ಯಾಪಾರಿಯಾದವನಿಗೆ ಈ ಪ್ರಸಂಗದ ತೂಕ ಚೆನ್ನಾಗಿ ತಿಳಿಯುತ್ತದೆ. ಒಬ್ಬರ ಜಮೆ ಇನ್ನೊಬ್ಬರ ಖಾತೆಯಲ್ಲಿ ಬಿದ್ದಿದೆ. ಕೇಳುವವನು ಬದುಕಿಲ್ಲ, ದಾವೆ ಹೂಡುವವರೂ ಇಲ್ಲ. ಹನ್ನೊಂದು ವರ್ಷ ಹಳೆಯದಾದ ಆ ಲೆಕ್ಕವನ್ನು ತಾನಾಗಿಯೇ ತೆರೆದು ತಿದ್ದುವವರು ಎಷ್ಟು ಮಂದಿ? ಪರದ್ರವ್ಯವನ್ನು ಮುಟ್ಟದಿರುವುದಷ್ಟೇ ಅಚೌರ್ಯವಲ್ಲ. ಪರರ ಕೀರ್ತಿಯನ್ನು ಹಿಂದಿರುಗಿಸುವುದೂ ಅಚೌರ್ಯವೇ. ಅಣುವ್ರತದ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಕಾಲದಲ್ಲಿ ವಿರಳ.

ಈಗ ತಾಯಿ ಮತ್ತು ಮಗುವಿನ ಆರೋಗ್ಯದ ಪ್ರಶ್ನೆ. ಈ ವಿಧಾನದಿಂದ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಂದಿ ಆರೋಗ್ಯವಾಗಿಯೇ ಬೆಳೆದಿದ್ದಾರೆಂದು ದಶಕಗಳ ಅಧ್ಯಯನಗಳು ತೋರಿಸಿವೆ. ದೊಡ್ಡ ಅಪಾಯ ಬಂದುದು ಆತುರದಿಂದ. ಒಮ್ಮೆಗೇ ಎರಡು ಮೂರು ಭ್ರೂಣಗಳನ್ನಿರಿಸಿದಾಗ ಅವಳಿ ತ್ರಿವಳಿ ಗರ್ಭಗಳಾಗಿ, ಅವಧಿಗೆ ಮುನ್ನ ಹೆರಿಗೆಯಾಗುವುದು, ಶಿಶುವಿನ ತೂಕ ಕಡಿಮೆಯಿರುವುದು, ತಾಯಿಗೆ ರಕ್ತದೊತ್ತಡ ಏರುವುದು ಹೆಚ್ಚು. ಆದುದರಿಂದ ಅನೇಕ ದೇಶಗಳಲ್ಲಿ ಒಂದೇ ಭ್ರೂಣವನ್ನಿರಿಸುವ ಕ್ರಮ ರೂಢಿಗೆ ಬಂದಿದೆ. ಹಾರ್ಮೋನಿಗೆ ಅಂಡಾಶಯವು ಮಿತಿಮೀರಿ ಸ್ಪಂದಿಸಿದರೆ ಹೊಟ್ಟೆಯಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥವರಲ್ಲಿ ಭ್ರೂಣವನ್ನು ಶೀತಲೀಕರಿಸಿಟ್ಟು ತಡವಾಗಿ ಸೇರಿಸುವುದೇ ಕ್ಷೇಮವೆಂದು ಇಂದಿನ ವೈದ್ಯರು ಹೇಳುತ್ತಾರೆ. ಮುಖೋಪಾಧ್ಯಾಯರು 1978ರಲ್ಲಿ ಹಿಡಿದ ದಾರಿ ಅದೇ. ಆದರೆ ಶೀತಲೀಕರಿಸಿದ ಭ್ರೂಣದ ಬಸಿರಿನಲ್ಲಿ ರಕ್ತದೊತ್ತಡದ ತೊಂದರೆ ತುಸು ಹೆಚ್ಚೆಂಬುದನ್ನೂ, ಶಿಶುವಿನ ತೂಕ ಅಧಿಕವಾಗಬಹುದೆಂಬುದನ್ನೂ ಅಧ್ಯಯನಗಳು ಗುರುತಿಸಿವೆ. ಹೀಗಾಗಿ ಎಲ್ಲರಿಗೂ ಒಂದೇ ಸೂತ್ರವಿಲ್ಲ.

ಭಗವಾನ್ ಮಹಾವೀರರ ಗರ್ಭಾಪಹರಣದ ಕಥೆಯನ್ನು ಮುಂದಿಟ್ಟು, ಇದೆಲ್ಲ ನಮ್ಮಲ್ಲಿ ಹಿಂದೆಯೇ ಇತ್ತೆಂದು ಹೇಳುವವರುಂಟು. ಆ ಪ್ರಸಂಗ ಶ್ವೇತಾಂಬರ ಪರಂಪರೆಯ ಕಲ್ಪಸೂತ್ರದಲ್ಲಿದೆ, ದಿಗಂಬರ ಪರಂಪರೆ ಅದನ್ನು ಒಪ್ಪುವುದಿಲ್ಲ. ಶ್ರದ್ಧೆಯ ವಿಷಯವನ್ನು ಶಸ್ತ್ರಚಿಕಿತ್ಸೆಯ ದಾಖಲೆಯಾಗಿ ಮಾಡುವುದರಿಂದ ಎರಡಕ್ಕೂ ಗೌರವ ತಪ್ಪುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಬೇಕಾದುದಕ್ಕಿಂತ ಹೆಚ್ಚು ಭ್ರೂಣಗಳನ್ನು ಸೃಷ್ಟಿಸಿ ಬಳಿಕ ತ್ಯಜಿಸುವುದು ಅಹಿಂಸೆಯನ್ನು ನಂಬಿದ ಮನಸ್ಸಿಗೆ ಸಮ್ಮತವೇ? ಭ್ರೂಣವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಾದಿಡುವಂತಿಲ್ಲವೆಂದು 2021ರ ಕಾಯಿದೆ ಹೇಳುತ್ತದೆ. ಎಷ್ಟು ಸೃಷ್ಟಿಸಬೇಕು, ಉಳಿದವುಗಳ ಗತಿಯೇನು ಎಂಬುದನ್ನು ದಂಪತಿಗಳು ಚಿಕಿತ್ಸೆಗೆ ಮೊದಲೇ ವೈದ್ಯರಲ್ಲಿ ಕೇಳಿ ನಿರ್ಧರಿಸತಕ್ಕದ್ದು.

2022ರ ಜನವರಿಯಲ್ಲಿ ಜಾರಿಗೆ ಬಂದ ಇದೇ ಕಾಯಿದೆಯಂತೆ ಪ್ರತಿ ಚಿಕಿತ್ಸಾಲಯಕ್ಕೂ ನೋಂದಣಿ ಕಡ್ಡಾಯ. ಅಂಡಾಣು ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು, ಆಕೆ ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಗಂಡುಮಗುವನ್ನೇ ಆರಿಸಿ ಕೊಡುವುದು ಅಪರಾಧ. ಬಡ ಹೆಣ್ಣಿನ ದೇಹ ಮತ್ತೆ ಒತ್ತೆಯಾಗದಿರಲೆಂಬುದೇ ಈ ನಿಯಮಗಳ ಆಶಯ.

ಶ್ರಾವಕ ಬಂಧುಗಳಲ್ಲಿ ಮತ್ತು ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳಾಗದಿರುವುದಕ್ಕೆ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಆದುದರಿಂದ ಪರೀಕ್ಷೆಗೆ ಸೊಸೆಯೊಬ್ಬಳನ್ನೇ ಕಳಿಸದೆ ಮಗನೂ ಜೊತೆಗೆ ಹೋಗಲಿ. ಸೀಮಂತ, ನಾಮಕರಣಗಳ ಆರತಿಯಿಂದ ಮಕ್ಕಳಿಲ್ಲದವಳನ್ನು ದೂರವಿಡುವ ರೂಢಿ ನಮ್ಮ ಸಭಾಭವನಗಳಲ್ಲಿ ನಿಲ್ಲಲಿ. ವೈದ್ಯಕೀಯ ನೆರವಿನ ನಿಧಿಯಿರುವ ಮಂಡಳಿಗಳು ಬಸಿರು ನಿಂತ ಮೇಲಿನ ತಾಯಿಯ ಆರೈಕೆಗೂ ಅದರಲ್ಲಿ ಪಾಲಿಡಲಿ. ಚಿಕಿತ್ಸೆ ಫಲಿಸದ ಮನೆಯನ್ನೂ ದತ್ತು ತಂದ ಮನೆಯನ್ನೂ ತುಂಬಿದ ಮನೆಯೆಂದೇ ಕಾಣೋಣ. ದುರ್ಗಾಳ ಹೆತ್ತವರನ್ನು ಕಾಡಿದ ಅಂಜಿಕೆ ಇನ್ನಾದರೂ ನಮ್ಮ ಊರಿನ ಯಾವ ದಂಪತಿಗಳಿಗೂ ಬೇಡ.