ನಾಲ್ಕು ನಿಮಿಷದಲ್ಲಿ ರಾಯಗಡ

ನಮ್ಮ ಶಾಲೆಯ ಸಹಲು ಈ ಸಲ ರಾಯಗಡಕ್ಕೆ ಹೋಗಿತ್ತು. ಜತ್ತ ಕಡೆಯಿಂದ ರಾತ್ರಿ ಹೊರಟ ಬಸ್ಸು ಮಹಾಡ ತಲುಪುವಾಗ ಬೆಳಗಾಗಿತ್ತು. 1927ರಲ್ಲಿ ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ನೀರು ಕುಡಿದ ಚವದಾರ ಕೆರೆ ಇರುವುದು ಇದೇ ಊರಲ್ಲಿ. ಅದನ್ನು ಮಕ್ಕಳಿಗೆ ತೋರಿಸದೆ ಮುಂದೆ ಹೋಗಲು ನಮಗೆ ಮನಸ್ಸಾಗಲಿಲ್ಲ.

ಕೋಟೆಗೆ ಎರಡು ದಾರಿ. ಒಂದು ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು, ಇನ್ನೊಂದು 1996ರಲ್ಲಿ ಆರಂಭವಾದ ರೋಪ್‌ವೇ. ಇತಿಹಾಸವನ್ನು ಕಾಲಿನಿಂದಲೇ ಓದಬೇಕು ಎಂಬುದು ನಮ್ಮ ಹಟ. ಆದರೆ ನಮ್ಮ ಜೊತೆ ಕಾಲು ಸ್ವಾಧೀನವಿಲ್ಲದ ಒಬ್ಬ ಹುಡುಗಿ ಇದ್ದಳು. "ನಾನು ಕೆಳಗೇ ಕೂಡ್ತೀನ್ರಿ" ಅಂದಳು. ಹಟ ಬಿಟ್ಟು ಎಲ್ಲರೂ ಸರದಿಯಲ್ಲಿ ನಿಂತೆವು.

ಸುಮಾರು 400 ಮೀಟರ್ ಎತ್ತರವನ್ನು ತೊಟ್ಟಿಲು ನಾಲ್ಕೇ ನಿಮಿಷದಲ್ಲಿ ಏರುತ್ತದೆ. ಕೆಳಗಿನ ಊರು ಹಿರಕಣಿವಾಡಿ. ಹಾಲು ಮಾರಲು ಮೇಲೆ ಹೋದ ಹಿರಕಣಿ, ಸಂಜೆ ಬಾಗಿಲು ಮುಚ್ಚಿದಾಗ ಮನೆಯಲ್ಲಿದ್ದ ಕೂಸಿಗಾಗಿ ಕತ್ತಲಲ್ಲೇ ಕಡಿದಾದ ಬಂಡೆ ಇಳಿದಳಂತೆ. ಶಿವಾಜಿ ಮಹಾರಾಜರು ಅಲ್ಲಿ ಬುರುಜು ಕಟ್ಟಿಸಿದರೆಂದು ಜನ ಹೇಳುತ್ತ ಬಂದಿದ್ದಾರೆ. ಗಲಾಟೆ ಮಾಡುತ್ತಿದ್ದ ಮಕ್ಕಳು ಆ ಬಂಡೆ ನೋಡಿ ಸುಮ್ಮನಾದರು. ನಮ್ಮ ಹುಡುಗಿ ಮಾತ್ರ, "ಆಕಿ ಹೆಂಗ ಇಳದ್ಳರೀ?" ಎಂದು ಗಾಜಿಗೆ ಮುಖ ಒತ್ತಿ ಕೇಳುತ್ತಲೇ ಇದ್ದಳು.

1656ರಲ್ಲಿ ಜಾವಳಿಯ ಮೋರೆಯಿಂದ ಗೆದ್ದ ರಾಯರಿ ಬೆಟ್ಟವೇ ಮುಂದೆ ರಾಯಗಡವಾಯಿತು. ಕಟ್ಟಿದವರು ಹಿರೋಜಿ ಇಂದುಲಕರ; ಅವರ ಹೆಸರು ಜಗದೀಶ್ವರ ಗುಡಿಯ ಮೆಟ್ಟಿಲ ಮೇಲಿದೆ. 1674ರ ಜೂನ್ 6ರಂದು ಇಲ್ಲಿ ಪಟ್ಟಾಭಿಷೇಕವಾಯಿತು. ಅದಕ್ಕೆ ಬಂದಿದ್ದ ಇಂಗ್ಲಿಷ್ ಕಂಪನಿಯ ಹೆನ್ರಿ ಆಕ್ಸೆಂಡನ್, ಆನೆಗಳನ್ನು ಈ ಎತ್ತರಕ್ಕೆ ಹೇಗೆ ತಂದರೆಂದು ಬೆರಗಾಗಿದ್ದ. ಆರೇ ವರ್ಷದಲ್ಲಿ, 1680ರಲ್ಲಿ, ಮಹಾರಾಜರು ಇಲ್ಲೇ ತೀರಿಕೊಂಡರು. 1818ರಲ್ಲಿ ಇಂಗ್ಲಿಷರ ತೋಪಿನ ಬೆಂಕಿಗೆ ಅರಮನೆ ಸುಟ್ಟುಹೋಗಿ, ಈಗ ಕಲ್ಲಿನ ಅಡಿಪಾಯಗಳಷ್ಟೇ ಉಳಿದಿವೆ. 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮರಾಠಾ ಕೋಟೆಗಳಲ್ಲಿ ರಾಯಗಡವೂ ಒಂದು.

ನಗಾರಖಾನೆಯ ಬಾಗಿಲಲ್ಲಿ ಪಿಸುಗುಟ್ಟಿದರೂ ಸಿಂಹಾಸನದ ಜಾಗಕ್ಕೆ ಕೇಳಿಸುತ್ತದೆ. ನಮ್ಮ ಹುಡುಗನೊಬ್ಬ ಅಲ್ಲಿ ನಿಂತು "ಹಸಿವಾಗೈತ್ರಿ" ಅಂದ. ಇತ್ತ ನಿಂತವರೆಲ್ಲ ನಕ್ಕರು. ಪಕ್ಕದ ಪ್ರವಾಸಿಯೊಬ್ಬರು, ಕನ್ನಡ ಶಾಲೆಯವರಿಗೆ ಈ ಇತಿಹಾಸ ಹೇಗೆ ಗೊತ್ತು ಎಂದು ಮರಾಠಿಯಲ್ಲಿ ಕೇಳಿದರು. ನಾಲ್ಕನೇ ಇಯತ್ತೆಯಲ್ಲಿ ಇದನ್ನೇ ಕನ್ನಡದಲ್ಲಿ ಓದುತ್ತೇವೆ ಎಂದು ಮಕ್ಕಳು ಮರಾಠಿಯಲ್ಲೇ ಉತ್ತರಿಸಿದರು. ನಮಗೆ ಮಾತಾಡುವ ಕೆಲಸವೇ ಬೀಳಲಿಲ್ಲ.

ಸಮಾಧಿಯ ಮುಂದೆ ಇನ್ನೊಂದು ವಿಷಯ ಹೇಳಿದೆವು. ಮಹಾರಾಜರ ತಂದೆ ಶಹಾಜಿ 1664ರಲ್ಲಿ ತೀರಿಕೊಂಡದ್ದು ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ, ಬೇಟೆಯಾಡುವಾಗ ಕುದುರೆಯಿಂದ ಬಿದ್ದು. ಅವರ ಸಮಾಧಿ ಕನ್ನಡ ನೆಲದಲ್ಲೇ ಇದೆ.

ಇಳಿಯುವಾಗ ಆ ಹುಡುಗಿ ಕೇಳಿದಳು, "ಹೊದಿಗೆರೆಗೆ ಮೆಟ್ಟಿಲದಾವೇನ್ರಿ?"

ಅದು ಬಯಲುಸೀಮೆಯಮ್ಮ ಎಂದೆವು.